ಇಪ್ಪತ್ತನೆಯ ಗೋಲು

ಚೆಂಡು ಎಡಕ್ಕೆ ಬರುತ್ತದೆಂದು ಮೂಕಣ್ಣನಿಗೆ ಖಾತ್ರಿಯಿತ್ತು. ಅವನು ಬಲಕ್ಕೆ ಹಾರಿದ.

ಬಲೆ ಅಲುಗಿತು. ಹೊಸಪೇಟೆಯ ಮೈದಾನದಲ್ಲಿ ಗಾದಿಗನೂರಿನವರ ಸಿಳ್ಳೆ ಕಿವಿ ತೂತು ಮಾಡುವಂತಿತ್ತು. ಜಂಬುನಾಥನಿಗೆ ಅದು ಈ ಸೀಸನ್ನಿನ ಇಪ್ಪತ್ತನೆಯ ಗೋಲು. ಕಂಪ್ಲಿ ತಂಡದ ಗೋಲ್‌ಕೀಪರ್ ಮೂಕಣ್ಣ ಕೆಂಪು ಮಣ್ಣಿನಲ್ಲಿ ಬೋರಲು ಬಿದ್ದವನು ಏಳಲೇ ಇಲ್ಲ. ಏಳು ವರ್ಷದ ಆಸೆಯನ್ನು ಕೈಯಾರೆ ಒಳಗೆ ಬಿಟ್ಟುಕೊಂಡವನು ಅಷ್ಟು ಬೇಗ ಏಳುವುದಾದರೂ ಹೇಗೆ?

ಹೊಸಪೇಟೆ, ಸಂಡೂರು, ಕಂಪ್ಲಿ, ಗಾದಿಗನೂರು ಹೀಗೆ ಎಂಟು ಊರಿನ ತಂಡಗಳ ಲೀಗು ಅದು. ಆಡುವವರೆಲ್ಲ ವಾರಪೂರ್ತಿ ಗುತ್ತಿಗೆ ಕೂಲಿ, ಭಾನುವಾರ ಮಾತ್ರ ಹೀರೋಗಳು. ಲೀಗು ನಡೆಸುವ ಕಾರ್ಖಾನೆ ಸೀಸನ್ ಮುಗಿದ ಮೇಲೆ ಒಬ್ಬನನ್ನು, ಒಬ್ಬನನ್ನು ಮಾತ್ರ, ಕಾಯಂ ಮಾಡಿಕೊಳ್ಳುತ್ತಿತ್ತು. ಯಾವನಾದರೂ ಇಪ್ಪತ್ತು ಗೋಲು ಹೊಡೆದರೆ ನೌಕರಿ ಅವನಿಗೆ. ಯಾರೂ ಹೊಡೆಯದಿದ್ದರೆ ಅತಿ ಕಡಿಮೆ ಗೋಲು ಬಿಟ್ಟ ಗೋಲ್‌ಕೀಪರನಿಗೆ. ಕಾಯಂ ಎಂದರೆ ಕ್ವಾರ್ಟರ್ಸು, ಪಿಂಚಣಿ, ಮನೆಮಂದಿಗೆಲ್ಲ ಕಂಪನಿ ಆಸ್ಪತ್ರೆ. ಕೊನೆಯ ಪಂದ್ಯಕ್ಕೆ ಬರುವಾಗ ಜಂಬುನಾಥನದು ಹತ್ತೊಂಬತ್ತು. ಅವನೊಬ್ಬನನ್ನು ತಡೆದಿದ್ದರೆ ನೌಕರಿ ಮೂಕಣ್ಣನದು.

ತಡೆಯಬಾರದೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು.

ಶನಿವಾರ ಮಧ್ಯಾಹ್ನ ಜಂಬುನಾಥನ ಹೆಂಡತಿ ದುರ್ಗಾ ಎರಡು ಬಸ್ಸು ಬದಲಿಸಿ ಕಂಪ್ಲಿಯ ಮೈದಾನಕ್ಕೆ ಬಂದಿದ್ದಳು. ಕಟ್ಟೆಯ ಮೇಲೆ ಕುಸಿದು ಕುಳಿತು, ಒಂದು ತಂಬಿಗೆ ನೀರು ಕುಡಿದ ಮೇಲೇ ಅವಳಿಗೆ ಮಾತು ಹೊರಟಿದ್ದು. ಕೈಬಳೆಗಳು ಮೊಳಕೈಯವರೆಗೂ ಜಾರುತ್ತಿದ್ದವು. ಗಂಡ ಗೆಲ್ಲಲೆಂದು ಉಪವಾಸಗಿಪವಾಸ ಹಿಡಿದಿದ್ದಾಳೆ ಎಂದು ಮೂಕಣ್ಣ ಒಳಗೊಳಗೇ ನಕ್ಕ.

"ಅಣ್ಣಾ, ನಾಳಿ ಒಂದಾ ಒಂದು ಗೋಲ್ ಬಿಟ್ಟುಬಿಡ್ರಿ. ಆ ನೌಕರಿ ನಮಗ ಬೇಕಾಗೈತಿ. ಮನಿಯಾಗ ಜಡ್ಡು ಐತ್ರಿ. ಕಂಪನಿ ಆಸ್ಪತ್ರಿ ಬಿಟ್ರ ಬ್ಯಾರೆ ದಾರಿ ಇಲ್ಲ."

"ಯಾರ ಮನಿಯಾಗ ಜಡ್ಡಿಲ್ಲ ತಂಗಿ?" ಮೂಕಣ್ಣ ಕೈಗವಸು ಕೊಡವಿದ. "ಹೆಂಡ್ತಿ ಮಕ್ಳು ಕೆಮ್ಮಿದ್ರ, ಸೀನಿದ್ರ ಅಂತ ಗೋಲ್ ಬಿಟ್ಕೊಂತ ಹೋದ್ರ ನಾವು ಆಟ ಯಾಕ ಆಡ್ಬೇಕು?"

ದುರ್ಗಾ ಜಾರಿದ ಬಳೆಗಳನ್ನು ಮಣಿಕಟ್ಟಿಗೆ ಎಳೆದುಕೊಂಡಳು.

"ಜಡ್ಡು ಅವರಿಗೇ ಅಣ್ಣಾ," ಎಂದಳು. "ರಕ್ತದ ಕ್ಯಾನ್ಸರ್. ಅವರಿಗಿನ್ನೂ ಗೊತ್ತಿಲ್ಲ. ನೀವೂ ಹೇಳಬ್ಯಾಡ್ರಿ."

ಮೂಕಣ್ಣ ಕೈಗವಸು ಕೆಳಗಿಟ್ಟ. ಎದುರಾಳಿಯಾದರೇನು, ಆರು ವರ್ಷ ತನ್ನ ಕಡೆ ಚೆಂಡು ಒದ್ದ ಕಾಲು ಅದು. ಆಟಗಾರನ ಸಂಕಟ ಆಟಗಾರನಿಗಲ್ಲದೆ ಯಾರಿಗೆ ಗೊತ್ತಾಗಬೇಕು? ಕಣ್ಣಲ್ಲಿ ನೀರು ತಂದುಕೊಂಡು ಮಾತು ಕೊಟ್ಟ. ಕೊಟ್ಟ ಮಾತಿನಂತೆ ಬಲಕ್ಕೆ ಹಾರಿದ.

ಹದಿನೈದು ದಿನ ಅವನು ತನ್ನ ದೊಡ್ಡತನವನ್ನು ತಾನೇ ಮೆಚ್ಚಿಕೊಂಡು ತಿರುಗಿದ. ಹದಿನಾರನೆಯ ದಿನ ಕಾರ್ಖಾನೆಯ ಗೇಟಿನಲ್ಲಿ ಗುಮಾಸ್ತ ಪಂಪೇಶ್ ಸಿಕ್ಕ.

"ಜಂಬುನಾಥಂದು ಮೆಡಿಕಲ್ ಆತು ನೋಡಪಾ. ರಕ್ತ, ಎದಿ, ಕಣ್ಣು, ಎಲ್ಲಾ ಪಾಸ್. ಇಂಥಾ ಗಟ್ಟಿ ಆಳನ್ನ ನೋಡೇ ಇಲ್ಲ ಅಂದ್ರಂತ ಡಾಕ್ಟ್ರು."

ಮೂಕಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಹೆಂಗಸು ಒಂದು ಸುಳ್ಳು ಹೇಳಿ ಅವನ ಜೀವಮಾನದ ಆಸೆಯನ್ನೇ ಲಪಟಾಯಿಸಿದ್ದಳು. ನೆಟ್ಟಗೆ ಲೀಗಿನ ಅಧ್ಯಕ್ಷ ಉಚ್ಚೆಂಗಪ್ಪನ ಬಳಿ ಹೋಗಿ ನಡೆದದ್ದೆಲ್ಲ ಬಾಯಿಬಿಟ್ಟ.

ಗಂಡಹೆಂಡತಿಯನ್ನು ಕರೆಸಿದರು. ಜಂಬುನಾಥ ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ. ದುರ್ಗಾ ಗೋಡೆ ಹಿಡಿದು ನಿಂತಿದ್ದಳು.

"ನಿನ್ನ ಗಂಡಗ ಕ್ಯಾನ್ಸರ್ ಐತೇನಮ್ಮ?" ಉಚ್ಚೆಂಗಪ್ಪ ಕೇಳಿದ.

"ಇಲ್ರಿ."

"ಮತ್ಯಾಕ ಹಂಗ ಹೇಳಿದಿ?"

ಅವಳು ಬಾಯಿ ತೆರೆದಳು. ಬೆಂಚಿನ ಮೇಲಿದ್ದ ಯಾರೋ ಕಿಸಕ್ಕನೆ ನಕ್ಕರು. ಇನ್ನು ತಾನು ಏನೆಂದರೂ ನಂಬುವವರಿಲ್ಲವೆಂದು ಅವಳಿಗೆ ಆಗಲೇ ತಿಳಿದಿರಬೇಕು.

"ತಪ್ಪಾತ್ರಿ. ಅವರಿಗೇನೂ ಗೊತ್ತಿಲ್ರಿ," ಎಂದಷ್ಟೇ ಹೇಳಿದಳು.

ಇಪ್ಪತ್ತನೆಯ ಗೋಲು ರದ್ದಾಯಿತು. ಕರುಣೆ ತೋರಿಸಿ ಮೋಸಹೋದವನೆಂದು ಮೂಕಣ್ಣನ ಬೆನ್ನು ತಟ್ಟಿ ನೌಕರಿಯನ್ನು ಅವನಿಗೇ ಕೊಟ್ಟರು. ಅಷ್ಟಕ್ಕೆ ಅವನು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಲೀಗಿನ ವಾಟ್ಸಾಪ್ ಗುಂಪಿನಲ್ಲಿ ದುರ್ಗಾಳಿಗೆ 'ಕ್ಯಾನ್ಸರ್ ದುರ್ಗಿ' ಎಂದು ಹೆಸರಿಟ್ಟ. ವಾರದೊಳಗೆ ಆ ಹೆಸರು ಸಂಡೂರು ಮುಟ್ಟಿತು. ಗಾದಿಗನೂರಿನ ನಲ್ಲಿಯ ಹತ್ತಿರ ಹೆಂಗಸರು ಅವಳ ಬೆನ್ನ ಹಿಂದೆ ಅದನ್ನೇ ಹೇಳಿ ನಗುತ್ತಿದ್ದರಂತೆ. ಅದನ್ನು ಕೇಳಿದ ದಿನ ಮೂಕಣ್ಣ ಎರಡು ತುತ್ತು ಹೆಚ್ಚೇ ಉಂಡ. ಮೊದಲ ತಿಂಗಳಲ್ಲೇ ಅವನ ಹೆಂಡತಿ ತಾಯಕ್ಕ ಹಲ್ಲುನೋವಿಗೆಂದು ಕಂಪನಿ ಆಸ್ಪತ್ರೆಗೆ ಮೂರು ಸಲ ಹೋಗಿಬಂದಳು, ಎಲ್ಲವೂ ಪುಕ್ಕಟೆ.

ಮಳೆಗಾಲ ಕಳೆದು ಹೊಸ ಸೀಸನ್ ಬಂತು. ಮೊದಲ ಪಂದ್ಯವೇ ಕಂಪ್ಲಿಗೂ ಗಾದಿಗನೂರಿಗೂ. ಎರಡೂ ತಂಡ ಎದುರುಬದುರು ಸಾಲಾಗಿ ನಿಂತವು. ಗಾದಿಗನೂರಿನವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರು. ಅವರ ಊರಿನ ಯಾರೋ ಮುದುಕ ಸತ್ತಿರಬೇಕೆಂದುಕೊಂಡ ಮೂಕಣ್ಣ. ಕೈಕುಲುಕುತ್ತ ಜಂಬುನಾಥನ ಮುಂದೆ ಬಂದಾಗ ನಾಲಿಗೆ ತಡೆಯಲಿಲ್ಲ.

"ಏನಪಾ, ನಿಮ್ಮ ಕ್ಯಾನ್ಸರ್ ದುರ್ಗಿ ಹೆಂಗದಾಳ?"

ಜಂಬುನಾಥ ಅವನ ಕೈ ಬಿಡಲಿಲ್ಲ. ರೆಫರಿ ಒಂದು ನಿಮಿಷದ ಮೌನಕ್ಕೆ ಸೀಟಿ ಊದಿದ.

"ತೀರ್ಕೊಂಡು ಹದಿನಾರು ದಿನ ಆತಣ್ಣ," ಎಂದ ಜಂಬುನಾಥ ಮೆಲ್ಲಗೆ. "ರಕ್ತದ ಕ್ಯಾನ್ಸರ್. ಹೋದ ಸೀಸನ್ನಾಗಾ ಗೊತ್ತಾಗಿತ್ತಂತ ಆಕಿಗೆ."