ಬದುಕಿ ಬಂದವಳು

"ಕೂಸನ್ನ ಕೊಡಂಗಿಲ್ಲ," ಎಂದು ಜಂಬಮ್ಮ ಬಾಗಿಲಿಗೆ ಅಡ್ಡ ನಿಂತಳು.

ಅಂಗಳದಲ್ಲಿ ನಿಂತಿದ್ದ ಹುಲುಗಮ್ಮ ಆ ಕೂಸಿನ ಹೆತ್ತ ತಾಯಿ. ಜಂಬಮ್ಮ ಅವಳ ಗಂಡನ ಅಕ್ಕ, ಮಕ್ಕಳಿಲ್ಲದವಳು. ಮೂರು ವರ್ಷದ ಹಿಂದೆ ಹೆರಿಗೆಯ ಹೊತ್ತಿಗೆ ಹುಲುಗಮ್ಮನಿಗೆ ಬಿಪಿ ಏರಿ ಫಿಟ್ಸ್ ಬಂದಿತ್ತು. 'ಇವತ್ತೋ ನಾಳೆಯೋ ಹೋಗಾಕಿ' ಎಂದು ಅತ್ತೆ ಹಸುಗೂಸನ್ನು ಮಗ್ಗುಲಿನಿಂದ ಎತ್ತಿ ಜಂಬಮ್ಮನ ಊರು ಮಾಗಳಕ್ಕೆ ಕಳಿಸಿಬಿಟ್ಟಳು. ಹಾಲು ತುಂಬಿದ ಎದೆ ಹಿಡಿದು ಹುಲುಗಮ್ಮ ಕೂಗಾಡಿದಾಗ, 'ಸಿಟ್ಟಾಗಬ್ಯಾಡ, ನರ ಒಡದು ಸಾಯ್ತಿ' ಎಂದು ಬಾಯಿ ಮುಚ್ಚಿಸಿದರು. ಎಷ್ಟು ಗುಳಿಗೆ ನುಂಗಿದರೂ ಬಿಪಿ ಇಳಿಯಲಿಲ್ಲ. ಸಿಟ್ಟಿನವಳು ಎಂಬ ಹೆಸರು ಮಾತ್ರ ಉಳಿಯಿತು.

ಕಡೆಗೆ ಅವಳ ಅಣ್ಣ ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದ. ದೊಡ್ಡಾಸ್ಪತ್ರೆಯ ಡಾಕ್ಟರು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾಗಿತ್ತು. ಅದಕ್ಕೆ ಆಗಷ್ಟೇ ಹೊಸ ಚಿಕಿತ್ಸೆ ಬಂದಿತ್ತು. ತೊಡೆಯಿಂದ ಸಣ್ಣ ನಳಿಗೆ ಹಾಯಿಸಿ, ತುದಿಯ ಬಲೂನು ಉಬ್ಬಿಸಿ ನಾಳವನ್ನು ಅಗಲ ಮಾಡಿದರು. ಬಿಪಿ ಇಳಿಯಿತು. ಹಡಗಲಿಯಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ, ಕರೆಯಲು ಬಂದಿದ್ದ ಗಂಡನನ್ನು ಎಳೆದುಕೊಂಡು ಮಾಗಳಕ್ಕೆ ಬಂದಿದ್ದಳು.

"ಈಗ ನಾ ಅರಾಮ ಅದೀನಿ ಅಕ್ಕ."

"ಅರಾಮ ಅಂತಿ, ಹೆಂಗ ನಡುಗಾಕತ್ತಿ ನೋಡು. ಸಿಟ್ಟಾಗಬ್ಯಾಡ, ಮತ್ತ ಏರ್ತೈತಿ."

"ಸಿಟ್ಟಿಂದ ಬಂದ ರೋಗಲ್ಲ ಅಂತ ಡಾಕ್ಟರು ಹೇಳ್ಯಾರ. ರೋಗ ರಕ್ತನಾಳದಾಗ ಇತ್ತು. ಸಿಟ್ಟು ನೀವು ಕೊಟ್ಟಿದ್ದು."

ಗಂಡ ಸುಂಕಪ್ಪ ಬೇವಿನ ಗಿಡದ ಕಡೆ ನೋಡುತ್ತ, "ಬಿಡಲೇ, ಕೂಸು ಅಕ್ಕಗ ಹೊಂದಿಕೊಂಡೈತಿ. ನಮಗ ಇನ್ನೊಂದಾಗ್ತೈತಿ," ಎಂದ.

ಹುಲುಗಮ್ಮ ಅವನತ್ತ ತಿರುಗಿದಳು. "ಬದುಕಿರಾಕಿನ್ನ ಸತ್ತಾಕಿ ಅಂತ ತಿಳಿದು ಕೂಸನ್ನ ಕೊಟ್ಟುಬಿಟ್ರಿ. ನೀನೂ ಹೂಂ ಅಂದಿ. ನಾ ಸತ್ತಿಲ್ಲ."

ಜಂಬಮ್ಮನ ಹಿಂದಿನಿಂದ ಹುಡುಗಿ ಇಣುಕಿ, "ಅವ್ವಾ, ಈಕಿ ಯಾರು?" ಎಂದು ಕೇಳಿದಳು. ಜಂಬಮ್ಮನ ಕಣ್ಣು ತುಂಬಿದವು. ಎತ್ತಿಕೊಳ್ಳಲು ಚಾಚಿದ್ದ ಕೈಯನ್ನು ಹುಲುಗಮ್ಮ ಹಿಂದಕ್ಕೆ ತೆಗೆದುಕೊಂಡಳು. ಬಟ್ಟೆಯ ಗಂಟನ್ನು ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು.

"ಏಳು, ಬಸ್ಸು ಹೋಗ್ತೈತಿ," ಎಂದ ಸುಂಕಪ್ಪ.

"ನೀ ಹೋಗು. ಕೂಸಿಗೆ ನನ್ನ ಗುರ್ತಾಗೋತನಾ ಇಲ್ಲೇ ಇರ್ತೀನಿ. ನನಗೀಗ ಆಯುಷ್ಯ ಐತಿ."