ಒತ್ತೆಯಿಟ್ಟ ಮಧ್ಯಾಹ್ನದ ನಿದ್ದೆ

ಜಪ್ತಿಯಾದ ಇನ್ನೂರು ಭರಣಿ ಮಧ್ಯಾಹ್ನದ ನಿದ್ದೆ ಹದಿನೈದು ದಿನಗಳಿಂದ ಕಾರವಾರ ಬಂದರಿನ ಗೋದಾಮಿನಲ್ಲಿ ಬಿದ್ದಿತ್ತು. ಕುಮಟೆಯ ಹೆಂಗಸರು ಊಟವಾದ ಮೇಲೆ ಮಲಗಿ ತುಂಬಿಸಿದ ಒಳ್ಳೆಯ ಸರಕು.

“ಮಾಲು ಸಾಗಿಸುತ್ತಿದ್ದ ವ್ಯಾಪಾರಿ ಇದನ್ನು ನಮ್ಮ ದೇಶದ ಬ್ಯಾಂಕಿಗೆ ಒತ್ತೆಯಿಟ್ಟಿದ್ದಾನೆ. ಮಾಲು ನಮ್ಮದು,” ಎಂದು ವಿದೇಶಿ ದೂತ ಹೆನ್ರಿಕ್ ಮೇಜು ಗುದ್ದಿದ.

“ಪರವಾನಗಿ ಇಲ್ದೆ ಹಡಗು ಹತ್ತಿಸಿದ ಮಾಲು ರೀ ಇದು. ಒಂದು ಭರಣೀನೂ ಬಿಡಲ್ಲ,” ಎಂದರು ದೆಹಲಿಯಿಂದ ಬಂದಿದ್ದ ಅಧಿಕಾರಿ ಚಿದಂಬರಯ್ಯ.

ಸಂಜೆ ನಾಲ್ಕು ಗಂಟೆಯೊಳಗೆ ಜಗಳ ನಿಲ್ಲದಿದ್ದರೆ ಎರಡೂ ದೇಶಗಳು ರಾಯಭಾರಿಗಳನ್ನು ವಾಪಸು ಕರೆಸಿಕೊಳ್ಳುವುದಿತ್ತು.

ಗೋದಾಮಿನ ಮೇಲ್ವಿಚಾರಕಿ ವೃಂದಾ ಹರಿಕಂತ್ರ ಪಂಚನಾಮೆಯ ಕಾಗದ ಹರವಿದಳು. “ಮಾಲು ಅಸಲಿ ಹೌದೋ ಅಲ್ಲವೋ ಅಂತ ಇಬ್ಬರ ಎದುರಿಗೇ ಒಂದು ಭರಣಿ ತೆಗೆದು ನೋಡ್ಬೇಕು. ಇದನ್ನ ಮೂಗಿಗೆ ಕಟ್ಕೊಳ್ಳಿ,” ಎಂದು ಕಾಫಿಪುಡಿಯ ಗಂಟು ಚಾಚಿದಳು.

ಹೆನ್ರಿಕ್ ಬೇಡವೆಂದ. ಅವನು ಬೇಡವೆಂದದ್ದನ್ನು ತಾವು ಕಟ್ಟಿಕೊಂಡರೆ ದೇಶದ ಮಾನ ಹೋಗುತ್ತದೆಂದು ಚಿದಂಬರಯ್ಯನವರೂ ಬೇಡವೆಂದರು.

ವೃಂದಾ ತನ್ನ ಮೂಗಿಗೆ ಗಂಟು ಬಿಗಿದುಕೊಂಡು ಮುಚ್ಚಳ ತೆಗೆದಳು. ಮಜ್ಜಿಗೆ ಅನ್ನ ಉಂಡು ಚಾಪೆಗೆ ಬಿದ್ದ ಸುಖ ಗೋದಾಮಿನ ತುಂಬ ಹರಡಿತು.

ಸರಿಯಾಗಿ ನಾಲ್ಕಕ್ಕೆ ಗೋದಾಮಿಗೆ ಚಿದಂಬರಯ್ಯನವರ ಮೇಲಧಿಕಾರಿಯ ಫೋನು ಬಂತು. “ಜಗಳ ಎಲ್ಲಿಗೆ ಬಂತಮ್ಮಾ?”

ವೃಂದಾ ಬೆಂಚಿನತ್ತ ನೋಡಿದಳು. ಚಿದಂಬರಯ್ಯನವರ ಹೆಗಲ ಮೇಲೆ ಹೆನ್ರಿಕ್‌ನ ತಲೆಯಿತ್ತು. ಇಬ್ಬರ ಗೊರಕೆಯೂ ಒಂದೇ ಶ್ರುತಿಯಲ್ಲಿತ್ತು.

“ಸ್ವಲ್ಪ ಮೆತ್ತಗೆ ಮಾತಾಡಿ ಸಾರ್,” ಎಂದು ಅವಳು ಆಗಷ್ಟೇ ಬರೆದ ಪಂಚನಾಮೆಯನ್ನು ಓದಿದಳು: “ಮಾಲು ಅಸಲಿ. ಉಭಯ ದೇಶಗಳಿಗೂ ಸದ್ಯಕ್ಕೆ ಯಾವ ಆಕ್ಷೇಪಣೆಯೂ ಇಲ್ಲ.”