ಮೆಣಸಿನಕಾಯಿ ರಾಶಿಯೊಳಗಿನ ಆನೆ

ಮೊಬೈಲಿನಲ್ಲಿ ದೊಡ್ಡ ಆಟಗಾರರ ಚೆಸ್ ಪಂದ್ಯ ನೋಡುತ್ತಿದ್ದೇನೆ, ಬೋರ್ಡನ್ನೇ ನೋಡದೆ ಆಡುವ ಸುತ್ತು; ಅಡುಗೆಮನೆಯಿಂದ ಮೆಣಸಿನಕಾಯಿ ಹುರಿದ ಘಾಟು ಬರುತ್ತಿದೆ.

ಬ್ಯಾಡಗಿಯ ನಮ್ಮ ಪಡಸಾಲೆಯಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಹೀಗೆಯೇ ಆಡುತ್ತಿದ್ದಳು. ಖಾರದ ಕೈಯಲ್ಲಿ ನನ್ನ ಚೆಸ್ ಕಾಯಿ ಮುಟ್ಟಬಾರದೆಂದು ಬೆನ್ನು ತಿರುಗಿಸಿ ಕೂತು ಬಾಯಲ್ಲೇ ಹೇಳುವಳು, ನಾನು ನಡೆಸಬೇಕು. ನಾನು ಯೋಚಿಸಿ ಒಂದು ನಡೆ ಹೇಳುವುದೇ ತಡ, ಅವಳ ನಡೆ ಬಂದಿರುತ್ತಿತ್ತು. ಆ ಮಧ್ಯಾಹ್ನವೂ ಸೋಲುತ್ತಿದ್ದೆ. ಅವಳಿಗೆ ಉಳಿದಿದ್ದ ಒಂದೇ ಆನೆಯನ್ನು ಮೆಲ್ಲಗೆ ತೆಗೆದು ಪಕ್ಕದ ರಾಶಿಯೊಳಗೆ ತುರುಕಿದೆ.

"ಆನಿ ಮುಂದ ನಡಸವಾ" ಎಂದಳು.

"ಆ ಆನಿ ಆಗ್ಲೇ ಹೋತಲ್ಲ ಅತ್ತಿ."

ಅವಳ ಬೆರಳು ನಿಂತವು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅಕ್ಕಾ, ನಿನಗೀಗ ನೆನಪು ಉಳಿಯೂದಿಲ್ಲ, ಬಿಡು" ಎಂದ.

"ಹೌದೇನೋಪಾ" ಎಂದಳು ಅತ್ತೆ, ಸಣ್ಣ ದನಿಯಲ್ಲಿ. ನಾನು ಗೆದ್ದು ಅಪ್ಪನಿಂದ ಬೆನ್ನು ತಟ್ಟಿಸಿಕೊಂಡೆ.

ಸಂಜೆ ರಾಶಿ ಕರಗಿದಾಗ ಆನೆ ಅವಳ ಕೈಗೆ ಸಿಕ್ಕಿತು. ಅಪ್ಪ ಅಲ್ಲೇ ಇದ್ದ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಒಯ್ದು ತೊಳೆದಳು. ಹಿಂದೆಯೇ ಹೋದ ನನ್ನ ಅಂಗೈಯಲ್ಲಿ ಇಟ್ಟಳು.

"ತೊಳದೇನಿ. ಆದ್ರೂ ಇದನ್ನ ಮುಟ್ಟಿದ ಕೈಲೆ ಕಣ್ಣು ಒರಸ್ಕೋಬ್ಯಾಡ."